ಹಳೆಯ ಮೀನುಗಾರಿಕೆ ಲೂರ್‌ಗಳನ್ನು ಕೆಡಿಸದೆ ಶುಚಿಗೊಳಿಸುವ ಬಗೆ

ಕೊಡಗು, ಚಿಕ್ಕಮಗಳೂರುಗಳ ಹಳೆಯ ಕಾಫಿ ತೋಟದ ಬಂಗಲೆಗಳ ಅಟ್ಟದಲ್ಲಿ, ಮೈಸೂರಿನ ಹಳೆಯ ಮನೆಗಳ ಕಬ್ಬಿಣದ ಟ್ರಂಕುಗಳಲ್ಲಿ ಇಂದಿಗೂ ಅಪರೂಪಕ್ಕೊಮ್ಮೆ ಮೀನು ಹಿಡಿಯುವ ಸಾಮಾನಿನ ತಗಡಿನ ಡಬ್ಬಿ ಸಿಗುವುದುಂಟು. ಅದರೊಳಗೆ ಕಪ್ಪಾದ ಹಿತ್ತಾಳೆಯ ಸ್ಪೂನ್‌ಗಳು, ಪ್ಲಗ್ ಎಂದು ಕರೆಯುವ, ಗಾಜಿನ ಕಣ್ಣುಳ್ಳ ಮೀನಿನಾಕಾರದ ಮರದ ತುಂಡುಗಳು, ತುಕ್ಕು ಹಿಡಿದ ಮೂರು ಮುಳ್ಳಿನ ಗಾಳಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಜೀವಂತ ಎರೆಯ ಬದಲು ಮೀನನ್ನು ಸೆಳೆಯಲು ದಾರಕ್ಕೆ ಕಟ್ಟುವ ಈ ಕೃತಕ ಎರೆಗಳನ್ನೇ ಹವ್ಯಾಸಿಗಳು ಲೂರ್ ಎನ್ನುತ್ತಾರೆ. ಕಾವೇರಿ, ಕಬಿನಿಗಳ ಮಹಶೀರ್ ಮೀನಿನ ಬೆನ್ನು ಹತ್ತಿದ್ದ ಬ್ರಿಟಿಷ್ ಅಧಿಕಾರಿಗಳೂ ತೋಟದ ಮಾಲೀಕರೂ ಇವನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದದ್ದು ಆ ಕಾಲದ ಹುಚ್ಚಿಗೆ ಸಾಕ್ಷಿ. ಮುಂದೆ ಕಾವೇರಿ ದಂಡೆಯ ಕ್ಯಾಂಪುಗಳಲ್ಲಿ ರಾಗಿ ಹಿಟ್ಟಿನ ಉಂಡೆಯೇ ಮುಖ್ಯ ಎರೆಯಾಯಿತು. ಅನೇಕ ಲೂರ್‌ಗಳು ಡಬ್ಬಿಯಲ್ಲೇ ಉಳಿದುಹೋಗಿರುವುದಕ್ಕೆ ಅದೂ ಒಂದು ಕಾರಣವಿದ್ದೀತು.

ಇಂಥ ಡಬ್ಬಿ ಕೈಗೆ ಸಿಕ್ಕ ಕೂಡಲೇ ಮನೆಯವರಿಗೆ ತೋಚುವುದು ಒಂದೇ ಉಪಾಯ: ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಐವತ್ತು, ಎಪ್ಪತ್ತು ವರ್ಷ ಕತ್ತಲಲ್ಲಿ ಕುಳಿತು ಆಗದ ಹಾನಿ ಆ ಒಂದು ಗಂಟೆಯಲ್ಲಿ ಆಗಿಬಿಡುತ್ತದೆ. ಹಳೆಯ ಲೂರ್‌ನ ಬೆಲೆ ಇರುವುದು ಅದರ ಮೂಲ ಬಣ್ಣದಲ್ಲಿ, ಮೂಲ ಲೇಪದಲ್ಲಿ, ಗಾಳ ಕಟ್ಟಿದ ಮೂಲ ಜೋಡಣೆಯಲ್ಲಿ, ಹೊಳಪಿನಲ್ಲಲ್ಲ. ಆದ್ದರಿಂದ ಇಲ್ಲಿ ಹೇಳುವ ಕ್ರಮದ ಗುರಿ ಲೂರನ್ನು ಹೊಸದಾಗಿ ಕಾಣಿಸುವುದಲ್ಲ, ಮೇಲೆ ಕುಳಿತ ಕೊಳೆಯನ್ನಷ್ಟೇ ತೆಗೆದು ಇನ್ನೂ ಕೆಡುತ್ತಿರುವ ಭಾಗ ಮುಂದೆ ಕೆಡದಂತೆ ತಡೆಯುವುದು.

ಕೈ ಹಚ್ಚುವ ಮೊದಲು

ಮೊದಲ ಕೆಲಸ ಫೋಟೋ ತೆಗೆಯುವುದು. ಎರಡೂ ಪಕ್ಕ, ಬೆನ್ನು, ಹೊಟ್ಟೆ, ತಲೆ, ಗಾಳ ಸಿಕ್ಕಿಸಿರುವ ಪ್ರತಿ ಜಾಗ ಮತ್ತು ಅಕ್ಷರ ಅಚ್ಚಾಗಿರುವ ಪ್ರತಿ ಲೋಹದ ತುಂಡನ್ನು ಹಗಲಿನ ಬೆಳಕಿನಲ್ಲಿ ಹತ್ತಿರದಿಂದ ತೆಗೆದಿಟ್ಟುಕೊಳ್ಳಬೇಕು. ಶುಚಿಗೊಳಿಸುವಾಗ ಕಾಣಿಸಿಕೊಂಡ ಬಿರುಕು ಮೊದಲೇ ಇತ್ತೋ ಈಗ ಆಯಿತೋ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಈ ಫೋಟೋಗಳೇ. ಡಬ್ಬಿಯಲ್ಲಿ ರಟ್ಟಿನ ಪೆಟ್ಟಿಗೆಯೋ ಮುದ್ರಿತ ಚೀಟಿಯೋ ಇದ್ದರೆ ಅದು ಎಷ್ಟೇ ಹರಿದಿರಲಿ ಎಸೆಯಬಾರದು, ಸೆಲ್ಲೋಟೇಪ್ ಅಂಟಿಸಲೂಬಾರದು. ಸಂಗ್ರಾಹಕರಲ್ಲಿ ಖಾಲಿ ಪೆಟ್ಟಿಗೆಗೂ ಒಳ್ಳೆಯ ಬೆಲೆ ಇದೆ.

ಎರಡನೆಯದು ಸುರಕ್ಷತೆ. ತುಕ್ಕು ಹಿಡಿದ ಗಾಳವೂ ಚುಚ್ಚುತ್ತದೆ, ಚುಚ್ಚಿದರೆ ಹಿಮ್ಮುಳ್ಳಿನಿಂದಾಗಿ ಸುಲಭಕ್ಕೆ ಹೊರಬರುವುದಿಲ್ಲ. ಪ್ರತಿ ತುದಿಗೂ ಥರ್ಮೋಕೋಲಿನ ಚಿಕ್ಕ ತುಂಡು ಅಥವಾ ವಯರಿನ ಮೇಲಿನ ಪ್ಲಾಸ್ಟಿಕ್ ಕೊಳವೆಯ ತುಣುಕು ಸಿಕ್ಕಿಸಿಕೊಂಡರೆ ಕೈಯೂ ಉಳಿಯುತ್ತದೆ, ಲೂರ್‌ನ ಬಣ್ಣವೂ ಗೀರಿಸಿಕೊಳ್ಳುವುದಿಲ್ಲ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚಾದ್ದರಿಂದ ಅದನ್ನು ಯಾವ ಕಾರಣಕ್ಕೂ ಮರಳುಕಾಗದದಿಂದ ಉಜ್ಜಬಾರದು, ಊಟದ ಮೇಜಿನ ಮೇಲೆ ಈ ಕೆಲಸ ಮಾಡಬಾರದು, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು.

ಸಾಮಾನು ಹೆಚ್ಚೇನೂ ಬೇಡ. ಮೆತ್ತನೆಯ ಚಿತ್ರಕಲೆಯ ಕುಂಚ, ಕಿವಿಗೆ ಬಳಸುವ ಹತ್ತಿಯ ಕಡ್ಡಿಗಳು, ಹಳೆಯ ಮೆತ್ತನೆಯ ಪಂಚೆಯ ತುಂಡು, ಭೂತಗನ್ನಡಿ ಮತ್ತು ಡಿಸ್ಟಿಲ್ಡ್ ವಾಟರ್ ಇಷ್ಟಿದ್ದರೆ ಸಾಕು. ಕೊನೆಯದು ವಾಹನದ ಬ್ಯಾಟರಿಗೆ ಹಾಕುವ ನೀರೇ. ಪೆಟ್ರೋಲ್ ಬಂಕಿನಲ್ಲೂ ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತದೆ. ನಮ್ಮ ಬೋರ್‌ವೆಲ್ ನೀರು ಒಣಗಿದಾಗ ಬಿಡುವ ಬಿಳಿ ಕಲೆ ಹಳೆಯ ಬಣ್ಣದ ಬಿರುಕುಗಳಲ್ಲಿ ಕುಳಿತರೆ ಮತ್ತೆ ಹೊರಬರುವುದಿಲ್ಲ. ಸಂದಿಗಳಲ್ಲಿನ ಕೊಳೆ ಕೆದಕಲು ಸೂಜಿಗಿಂತ ತೆಂಗಿನ ಗರಿಯ ಪೊರಕೆ ಕಡ್ಡಿಯನ್ನು ಓರೆಯಾಗಿ ಚೂಪು ಮಾಡಿಕೊಳ್ಳುವುದು ಮೇಲು. ಅದು ಕೊಳೆಗಿಂತ ಗಟ್ಟಿ, ಲೋಹಕ್ಕಿಂತ ಮೆದು.

ಲೂರ್ ಯಾವುದರಿಂದ ಮಾಡಿದ್ದು ಎಂಬುದನ್ನು ತಿಳಿಯದೆ ಯಾವ ದ್ರವವನ್ನೂ ಮುಟ್ಟಿಸಬಾರದು. ಒಂದೇ ಲೂರ್‌ನಲ್ಲಿ ಮರ, ಬಣ್ಣ, ಗಾಜು, ಹಿತ್ತಾಳೆ, ನಿಕ್ಕಲ್ ಲೇಪ, ಉಕ್ಕು ಎಲ್ಲವೂ ಅಂಗುಲದ ಅಂತರದಲ್ಲಿ ಇರುತ್ತವೆ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ವಿಷ. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ತಯಾರಿಸಿದ ಮೊದಲ ಲೂರ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಒಡಲು ಬಾಟಲಿಯ ಬಿರಡೆಗೆ ಬಳಸುವ ಕಾರ್ಕಿನದು, ಹೊರಮೈಗೆ ಚಾಕೊಲೆಟ್ ಸುತ್ತುವ ತೆಳು ತಗಡು, ಅದರ ಮೇಲೆ ಕರಗಿಸಿದ ಫೋಟೋ ನೆಗೆಟಿವ್‌ಗಳ ಲೇಪ. ಅಂಥ ಲೇಪದ ಮೇಲೆ ಉಗುರುಬಣ್ಣ ತೆಗೆಯುವ ಅಸಿಟೋನ್ ಒಂದು ಹನಿ ಬಿದ್ದರೂ ಅದು ಕರಗಿ ಅಂಟಾಗುತ್ತದೆ.

ಹಿತ್ತಾಳೆ, ತಾಮ್ರದ ಸ್ಪೂನ್‌ಗಳು

ಸ್ಪೂನ್ ಎಂಬುದು ಹಿಡಿ ಕತ್ತರಿಸಿದ ಚಮಚದ ಆಕಾರದ ಲೋಹದ ಲೂರ್. ನೀರಿನಲ್ಲಿ ಎಳೆದಾಗ ಹೊರಳಾಡುತ್ತಾ ಮಿನುಗುತ್ತದೆ. ಅಮೆರಿಕದಲ್ಲಿ ಜೂಲಿಯೋ ಬ್ಯೂಯೆಲ್ 1852ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹಿತ್ತಾಳೆ ಅಥವಾ ತಾಮ್ರದ ತಗಡು, ಕೆಲವಕ್ಕೆ ಬೆಳ್ಳಿ ಇಲ್ಲವೇ ನಿಕ್ಕಲ್ ಲೇಪ, ಒಳಮೈಗೆ ಹಲವು ಬಾರಿ ಕೆಂಪು ಬಣ್ಣ, ಇದು ಸಾಮಾನ್ಯ ರಚನೆ.

ಮೊದಲು ಒಣ ಕುಂಚದಿಂದ ಧೂಳು ತೆಗೆಯಬೇಕು. ಬಳಿಕ ಒಂದು ಲೋಟ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಸೇರಿಸಿ, ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿ ಹಿಂಡಿ, ಬಣ್ಣವಿಲ್ಲದ ಭಾಗವನ್ನು ಒರೆಸಬೇಕು. ಪಾತ್ರೆ ತಿಕ್ಕುವ ಸೋಪಿನ ಬಿಲ್ಲೆ, ಬಟ್ಟೆ ಒಗೆಯುವ ಪುಡಿ ಬೇಡ. ಒಂದರಲ್ಲಿ ತರಿ, ಇನ್ನೊಂದರಲ್ಲಿ ಕ್ಷಾರ. ಕೊಳೆ ಹೋದ ಮೇಲೆ ಉಳಿಯುವ ಕಂದುಬಣ್ಣದ ಸಮನಾದ ಪದರವನ್ನು ಅಲ್ಲಿಗೇ ಬಿಡಬೇಕು. ಅದು ಲೋಹ ತಾನೇ ಕಟ್ಟಿಕೊಂಡ ಹೊದಿಕೆ. ಕೆಳಗಿನ ಲೋಹವನ್ನು ಅದು ಒಂದಿಷ್ಟು ಕಾಯುತ್ತದೆ.

ಹುಣಸೆಹಣ್ಣು ಏಕೆ ಬೇಡ ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ದೇವರ ದೀಪಕ್ಕೆ ಅದು ತಲೆತಲಾಂತರದಿಂದ ನಡೆದುಬಂದಿದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕಿಲುಬನ್ನೂ ಕಂದು ಪದರವನ್ನೂ ಒಟ್ಟಿಗೆ ಕಿತ್ತುಹಾಕುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಹಿತ್ತಾಳೆಯೊಳಗಿನ ಸತು ಮೊದಲು ಕರಗಿ, ಮೇಲ್ಮೈ ತಾಮ್ರದ ಗುಲಾಬಿ ಛಾಯೆಗೆ ತಿರುಗುತ್ತದೆ. ವಾರವಾರ ತಿಕ್ಕುವ ದಪ್ಪ ದೀಪಕ್ಕೆ ಅದರಿಂದ ಏನೂ ಆಗದಿರಬಹುದು. ಕಾಗದದಷ್ಟು ತೆಳುವಾಗಿ ಅಚ್ಚೊತ್ತಿದ ತಯಾರಕರ ಹೆಸರು, ಮೀನಿನ ಪೊರೆಯ ಗೀರುಗಳು ಇರುವ ಸ್ಪೂನ್‌ಗೆ ಹಾಗಲ್ಲ. ನಿಕ್ಕಲ್ ಅಥವಾ ಬೆಳ್ಳಿ ಲೇಪವಿದ್ದರಂತೂ ಯಾವ ಉಜ್ಜುಪುಡಿಯೂ ಅದನ್ನು ಸವೆಸಿ ಒಳಗಿನ ಹಳದಿಯನ್ನು ತೋರಿಸಿಬಿಡುತ್ತದೆ.

ಅಮೋನಿಯಾ ಇರುವ ದ್ರವರೂಪದ ಹಿತ್ತಾಳೆ ಪಾಲಿಶ್ ಇನ್ನೊಂದು ಅಪಾಯ. ಬ್ರಿಟಿಷ್ ಸೇನೆಯ ಹಿತ್ತಾಳೆ ತೋಟಾಗಳು ಭಾರತದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಾಗ ತಾವಾಗಿಯೇ ಸೀಳುತ್ತಿದ್ದವು. ಕುದುರೆಯ ಗಂಜಲದಿಂದ ಏಳುವ ಅಮೋನಿಯಾವೇ ಕಾರಣವೆಂದು 1921ರಲ್ಲಿ ಖಚಿತವಾಯಿತು. ಬಡಿದು ಬಾಗಿಸಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ, ಅಮೋನಿಯಾ ತಗುಲಿದರೆ ಆ ಬಿಗಿತದ ಗೆರೆಯಲ್ಲೇ ಬಿರುಕು ಬಿಡುತ್ತದೆ. ಸ್ಪೂನ್ ಕೂಡ ಅಚ್ಚಿನಲ್ಲಿ ಒತ್ತಿ ಬಾಗಿಸಿದ ತಗಡೇ. ರಿಂಗ್ ತೂರಿಸುವ ರಂಧ್ರದ ಅಂಚಿನಲ್ಲಿ ಕೂದಲಿನಂಥ ಬಿರುಕು ಕಂಡರೆ ಅದನ್ನು ಮತ್ತೆ ದಾರಕ್ಕೆ ಕಟ್ಟುವ ಯೋಚನೆ ಬಿಡಬೇಕು.

ತೆಗೆಯಲೇಬೇಕಾದದ್ದು ತಿಳಿಹಸಿರು, ಪುಡಿಪುಡಿಯಾದ ಕಿಲುಬು. ಸಮುದ್ರದಲ್ಲಿ ಬಳಸಿದ ಲೂರ್‌ಗಳಲ್ಲಿ ಉಪ್ಪಿನ ಕ್ಲೋರೈಡ್ ಒಳಗೇ ಉಳಿದು, ಗಾಳಿಯ ತೇವ ಸಿಕ್ಕಾಗಲೆಲ್ಲ ಲೋಹವನ್ನು ತಿನ್ನುತ್ತಿರುತ್ತದೆ. ಪೊರಕೆ ಕಡ್ಡಿಯ ತುದಿಯಿಂದ ಭೂತಗನ್ನಡಿಯಡಿ ಒಣಪುಡಿಯನ್ನು ಕೆದಕಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ ಹತ್ತಿಯಿಂದ ಹಲವು ಸಲ ಒರೆಸಿ, ತಕ್ಷಣ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಎರಡು ಮೂರು ವಾರಗಳಲ್ಲಿ ಅದೇ ಜಾಗದಲ್ಲಿ ಹಸಿರು ಮತ್ತೆ ಎದ್ದರೆ ಕ್ಲೋರೈಡ್ ಇನ್ನೂ ಒಳಗಿದೆ ಎಂದರ್ಥ; ಪುನಃ ಅದೇ ಕ್ರಮ. ಪೂರ್ತಿ ಒಣಗಿದ ಮೇಲೆ ಬಣ್ಣವಿಲ್ಲದ ಲೋಹಕ್ಕೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೀರಾ ತೆಳುವಾಗಿ ಸವರಿ ಬಟ್ಟೆಯಿಂದ ಒರೆಸಿದರೆ ತೇವ ತಾಕುವುದು ಕಡಿಮೆಯಾಗುತ್ತದೆ. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡ ರೆನೆಸಾನ್ಸ್ ವ್ಯಾಕ್ಸ್ ಈ ಬಗೆಯದು. ಕೊಬ್ಬರಿ ಎಣ್ಣೆ ಸವರುವ ರೂಢಿ ಬೇಡ, ಅದು ಧೂಳನ್ನು ಹಿಡಿದಿಟ್ಟುಕೊಂಡು ಕಮಟುತ್ತದೆ.

ಮರದ ಪ್ಲಗ್‌ಗಳು

ನಿಜವಾದ ತಾಳ್ಮೆ ಬೇಕಾಗುವುದು ಇಲ್ಲಿ. ಅಮೆರಿಕದ ಮಿಷಿಗನ್ ರಾಜ್ಯದ ಡೊವಾಜಿಯಾಕ್ ಪಟ್ಟಣದ ಹೆಡ್ಡನ್, ಇಂಡಿಯಾನಾದ ಗ್ಯಾರೆಟ್‌ನ ಕ್ರೀಕ್ ಚಬ್ ಮುಂತಾದ ಕಂಪನಿಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮರವನ್ನು ಮೀನಿನಾಕಾರಕ್ಕೆ ಕಡೆದು, ಪದರದ ಮೇಲೆ ಪದರ ಬಣ್ಣ ಬಳಿದು, ಗಾಜಿನ ಕಣ್ಣು ಕೂರಿಸಿ ಮಾರುತ್ತಿದ್ದವು. ಈ ಪ್ಲಗ್‌ಗಳ ಶತ್ರು ನೀರು. ಬಣ್ಣದ ಬಿರುಕಿನಿಂದ ಒಳಹೋದ ನೀರಿಗೆ ಮರ ಉಬ್ಬುತ್ತದೆ, ಬಣ್ಣ ಉಬ್ಬುವುದಿಲ್ಲ. ಹಾಗಾಗಿ ಒಣಗುವ ಹೊತ್ತಿಗೆ ಬಣ್ಣ ಪದರಪದರವಾಗಿ ಏಳುತ್ತದೆ. ಹಗುರಾದ ಬಾಲ್ಸಾ ಮರದ ಲೂರ್‌ಗಳಲ್ಲಿ ಇದು ಇನ್ನೂ ಬೇಗ. ಮರದ ಲೂರನ್ನು ನೀರಿನಲ್ಲಿ ಮುಳುಗಿಸುವ ಪ್ರಶ್ನೆಯೇ ಇಲ್ಲ.

ಮೊದಲು ಲೂರನ್ನು ಓರೆಬೆಳಕಿನಲ್ಲಿ ಹಿಡಿದು ನೋಡಬೇಕು. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಟ್ಟು ಪಕ್ಕದಿಂದ ಬೆಳಕು ಬಿಟ್ಟರೆ, ನೇರ ಬೆಳಕಿನಲ್ಲಿ ನಯವಾಗಿ ಕಂಡ ಮೈಯಲ್ಲಿ ಎದ್ದ ಅಂಚುಗಳ ನೆರಳು ಬೀಳುತ್ತದೆ. ಹೊಟ್ಟೆಯ ಭಾಗದಲ್ಲಿ, ಗಾಳ ನೇತಾಡುವ ಬಿಂದುವಿನ ಸುತ್ತ, ಕಮಾನಿನಾಕಾರದ ಗೀರುಗಳು ಬಹುತೇಕ ಎಲ್ಲ ಹಳೆಯ ಪ್ಲಗ್‌ಗಳಲ್ಲೂ ಇರುತ್ತವೆ. ಗಾಳ ವರ್ಷಗಟ್ಟಲೆ ಅತ್ತಿತ್ತ ತೂಗಿ ಬಣ್ಣವನ್ನು ಸವೆಸಿದ ಗುರುತು ಅದು. ಕೆಲವೆಡೆ ಮೇಲ್ಬಣ್ಣ ಹೋಗಿ ಬಿಳಿಯ ತಳಬಣ್ಣವೂ, ಇನ್ನೂ ಆಳದಲ್ಲಿ ಮರದ ಎಳೆಯೂ ಕಾಣುತ್ತವೆ. ಇದನ್ನು ಮುಚ್ಚಬಾರದು, ಲೂರ್ ನಿಜಕ್ಕೂ ನೀರು ಕಂಡದ್ದು ಎಂಬುದಕ್ಕೆ ಇದೇ ದಾಖಲೆ. ಆದರೆ ಗೀರಿನ ಅಂಚಿನಲ್ಲಿ ಬಣ್ಣದ ಚಕ್ಕೆ ಸಡಿಲವಾಗಿದ್ದರೆ ಆ ಭಾಗದ ಹತ್ತಿರಕ್ಕೂ ಹತ್ತಿಯನ್ನು ಒಯ್ಯಬಾರದು, ಎಳೆ ಸಿಕ್ಕಿ ಚಕ್ಕೆ ಕಿತ್ತುಬರುತ್ತದೆ.

ಗಟ್ಟಿಯಾಗಿ ನಿಂತಿರುವ ಬಣ್ಣದ ಮೇಲೆ, ಬಾಲದ ಬಳಿ ಕೆಳಭಾಗದಲ್ಲಿ, ಕಡಲೆಕಾಳಿನಷ್ಟು ಜಾಗದಲ್ಲಿ ಮೊದಲು ಪರೀಕ್ಷೆ ಮಾಡಬೇಕು. ಹತ್ತಿಯ ಕಡ್ಡಿಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ, ಟಿಶ್ಯೂ ಕಾಗದದ ಮೇಲೆ ಒತ್ತಿ, ಬರೀ ತೇವ ಉಳಿದಾಗ ಉಜ್ಜದೆ ಉರುಳಿಸಬೇಕು. ಹತ್ತಿಗೆ ಬೂದು ಅಥವಾ ಕಂದು ಬಂದರೆ ಅದು ಕೊಳೆ, ಮುಂದುವರಿಸಬಹುದು. ಕೆಂಪು, ಹಸಿರು, ಹಳದಿ ಬಂದರೆ ಅದು ಬಣ್ಣ. ಆ ಲೂರ್‌ಗೆ ಒಣ ಕುಂಚವಷ್ಟೇ ಸಾಕು. ಪರೀಕ್ಷೆಯಲ್ಲಿ ಗೆದ್ದರೆ ತಲೆಯಿಂದ ಬಾಲದ ಕಡೆಗೆ ಅಂಗುಲ ಅಂಗುಲವಾಗಿ ಸಾಗಿ, ಹತ್ತಿ ಕೊಳೆಯಾದ ಕೂಡಲೇ ಬದಲಿಸಿ, ಪ್ರತಿ ತುಂಡನ್ನೂ ತಕ್ಷಣ ಒಣಬಟ್ಟೆಯಿಂದ ಒತ್ತಬೇಕು.

ನೀರಿಗೆ ಬಗ್ಗದ ಜಿಡ್ಡಿಗೆ ಮ್ಯೂಸಿಯಂಗಳ ಸಂರಕ್ಷಕರು ಬಳಸುವ ಒಂದು ಸರಳ ದ್ರವವಿದೆ: ಉಗುಳು. ಅದರಲ್ಲಿನ ಕಿಣ್ವಗಳು ಜಿಡ್ಡನ್ನೂ ಮೇಲ್ಮೈಯ ಕೊಳೆಯನ್ನೂ ಮೃದುವಾಗಿ ಬಿಡಿಸುತ್ತವೆ, ಬಣ್ಣಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಎಂಜಲು ಎಂದು ಮೂಗು ಮುರಿಯುವವರು ಮುರಿಯಲಿ, ತೈಲವರ್ಣದ ಚಿತ್ರಗಳನ್ನೂ ಹೀಗೆ ಶುಚಿಮಾಡುವುದುಂಟು. ಪ್ರತಿ ಸಲ ಹೊಸ ಹತ್ತಿಯ ಕಡ್ಡಿಯನ್ನು ನಾಲಗೆಗೆ ಮುಟ್ಟಿಸಿಕೊಳ್ಳಬೇಕು. ಲೂರ್ ಮುಟ್ಟಿದ ಕಡ್ಡಿ ಸೀಸದ ಕಾರಣಕ್ಕೆ ಮತ್ತೆ ಬಾಯಿಯ ಹತ್ತಿರ ಬರಕೂಡದು. ಕೊನೆಗೆ ಡಿಸ್ಟಿಲ್ಡ್ ವಾಟರ್‌ನ ತೇವದ ಹತ್ತಿಯಿಂದ ಅದನ್ನೂ ಒರೆಸಿ ತೆಗೆಯಬೇಕು.

ಸ್ಪಿರಿಟ್, ಸ್ಯಾನಿಟೈಸರ್, ಥಿನ್ನರ್, ಸೀಮೆಎಣ್ಣೆ ಯಾವುದೂ ಬೇಡ. ಅರಗಿನ ವಾರ್ನಿಷ್ ಸ್ಪಿರಿಟ್‌ನಲ್ಲಿ ಕರಗುತ್ತದೆ, ಲ್ಯಾಕರ್ ಥಿನ್ನರ್‌ನಲ್ಲಿ ಕರಗುತ್ತದೆ. ಮೇಲಿನ ವಾರ್ನಿಷ್ ಹಳದಿಗಟ್ಟಿ ಬಿಳಿಯ ಲೂರ್ ಕೆನೆಬಣ್ಣಕ್ಕೆ ತಿರುಗಿದ್ದರೆ ಅದು ಕೊಳೆಯಲ್ಲ, ವಯಸ್ಸು. ಅದನ್ನು ತೆಗೆಯಹೊರಟರೆ ಕೆಳಗಿನ ಪೊರೆಯ ಚಿತ್ತಾರವೂ ಜೊತೆಗೇ ಹೋಗುತ್ತದೆ. ಹೊಳಪು ಬರಲೆಂದು ಪಾರದರ್ಶಕ ಉಗುರುಬಣ್ಣ ಬಳಿಯುವವರೂ ಇದ್ದಾರೆ. ಅದರ ದ್ರಾವಕ ಹಳೆಯ ಲೇಪವನ್ನು ಕಲಕಿಬಿಡುವುದರಿಂದ ಅದು ತಿದ್ದಲಾಗದ ತಪ್ಪು.

ಗಾಜಿನ ಕಣ್ಣನ್ನು ಒಣ ಹತ್ತಿಯಿಂದ ಮಾತ್ರ ಒರೆಸಬೇಕು. ಅದರ ಸುತ್ತ ಬಣ್ಣ ಉಂಗುರಾಕಾರವಾಗಿ ಬಿರಿದಿದ್ದರೆ ಮರ ಕುಗ್ಗಿದ ಲಕ್ಷಣ. ಕಣ್ಣನ್ನು ಒತ್ತಿ ನೋಡಬಾರದು.

ಎದ್ದುಬಂದ ಬಣ್ಣವನ್ನು ಮನೆಯಲ್ಲಿ ಅಂಟಿಸುವ ಸಾಹಸವನ್ನು ನಾನು ಒಪ್ಪುವುದಿಲ್ಲ. ಫೆವಿಕ್ವಿಕ್, ಅರಾಲ್ಡೈಟ್‌ಗಳು ಒಮ್ಮೆ ಕುಳಿತರೆ ಬಿಡಿಸಲಾಗದು. ಬಿದ್ದ ಚಕ್ಕೆಗಳನ್ನು ಕಾಗದದ ಪೊಟ್ಟಣದಲ್ಲಿ ಲೂರ್ ಜೊತೆಗೇ ಇಡುವುದು, ಬೆಲೆಯುಳ್ಳದ್ದಾದರೆ ಕಲಾಸಂರಕ್ಷಕರಿಗೆ ತೋರಿಸುವುದು ಸರಿಯಾದ ದಾರಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆ ಇಂಥ ಸಂರಕ್ಷಣಾ ಕೆಲಸ ನಡೆಸುತ್ತದೆ. ಹೊಸ ಬಣ್ಣ ಬಳಿಯುವುದು ಸಂಗ್ರಾಹಕರ ಕಣ್ಣಲ್ಲಿ ಲೂರ್ ಸತ್ತಂತೆಯೇ. ಮೂಲ ಬಣ್ಣ ಪೂರ್ತಿ ಹೋಗಿ ಬರೀ ಮರ ಉಳಿದ, ಮತ್ತೆ ನೀರಿಗಿಳಿಸಲೆಂದೇ ಇಟ್ಟುಕೊಂಡ ಲೂರ್ ಆದರೆ ಬಳಿಯಬಹುದು, ಆದರೆ ಹೊಟ್ಟೆಯಡಿ ಬಳಿದ ವರ್ಷವನ್ನು ಬರೆದಿಡಬೇಕು. ಮುಂದೆ ಯಾರೂ ಅದನ್ನು ಮೂಲವೆಂದು ನಂಬಿ ಕೊಳ್ಳಬಾರದು.

ಗಾಳ, ತಿರುಪು, ತುಕ್ಕು

ಗಾಳವನ್ನು ಒಡಲಿಗೆ ಸಿಕ್ಕಿಸುವ ಬಿಡಿಭಾಗಗಳ ಮಾದರಿ ಕಾಲಕಾಲಕ್ಕೆ ಬದಲಾಗಿದೆ. ಹೆಡ್ಡನ್ ಲೂರ್‌ಗಳ ಕಾಲವನ್ನು ಗುರುತಿಸುವವರು ಮೊದಲು ನೋಡುವುದು ಅದನ್ನೇ: ಗಾಳ ಸಿಕ್ಕಿಸಲು ತಲೆಯಲ್ಲಿ ಉಂಗುರವಿರುವ ತಿರುಪಿನ ಕೆಳಗೆ ಬಟ್ಟಲಿನಂಥ ತಗಡಿದೆಯೇ, ಎಲ್ ಆಕಾರದ ಪಟ್ಟಿಯಿದೆಯೇ, ಎರಡು ತುಂಡಿನ ಪಟ್ಟಿಯಿದೆಯೇ ಎಂದು. ಆದ್ದರಿಂದ ತಿರುಪನ್ನು ಬಿಚ್ಚಬಾರದು. ತುಕ್ಕಿನಿಂದ ಕಚ್ಚಿಕೊಂಡ ತಿರುಪು ತಿರುಗುವಾಗ ಸುತ್ತಲಿನ ಬಣ್ಣದ ಉಂಗುರವನ್ನು ಒಡೆಯುತ್ತದೆ, ಹಲವು ಬಾರಿ ತಲೆ ಮುರಿದು ಮರದೊಳಗೇ ಉಳಿಯುತ್ತದೆ.

ತುಕ್ಕು ತೆಗೆಯುವಾಗ ಗಾಳಕ್ಕೂ ಒಡಲಿಗೂ ನಡುವೆ ಅಲ್ಯೂಮಿನಿಯಂ ಫಾಯಿಲ್ ಸಿಕ್ಕಿಸಿ, ಪೊರಕೆ ಕಡ್ಡಿಯಿಂದ ಸಡಿಲ ತುಕ್ಕನ್ನಷ್ಟೇ ಕೆದಕಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಗಾಳಕ್ಕೆ ಮಾತ್ರ ಮುಟ್ಟಿಸಿ ಒರೆಸಿಬಿಡಬೇಕು. ತುಕ್ಕು ಸಡಿಲಿಸುವ ಸ್ಪ್ರೇಯನ್ನು ಲೂರ್ ಮೇಲೆ ನೇರವಾಗಿ ಸಿಂಪಡಿಸಿದರೆ ಅದು ಬಣ್ಣದಡಿಗೆ ಹರಿದು ಮರವನ್ನು ಕಪ್ಪಾಗಿಸುತ್ತದೆ. ವಿನಿಗರ್, ನಿಂಬೆಹುಳಿಗಳಲ್ಲಿ ನೆನೆಸಿದರೆ ಗಾಳದ ಲೇಪ ಹೋಗುವುದಲ್ಲದೆ, ಗಡಸು ಉಕ್ಕು ಆಮ್ಲದಿಂದ ಪೆಡಸಾಗಿ ಮೀನಿನ ಎಳೆತಕ್ಕೆ ಮುರಿಯಬಹುದು. ಲೂರನ್ನು ಬಳಸಬೇಕೆಂದಿದ್ದರೆ ಸ್ಪ್ಲಿಟ್ ರಿಂಗ್‌ನಿಂದ, ಅಂದರೆ ಕೀಲಿ ಗೊಂಚಲಿನಲ್ಲಿರುವಂಥ ಸುರುಳಿ ಉಂಗುರದಿಂದ, ಜೋಡಿಸಿದ ಹಳೆಯ ಗಾಳವನ್ನು ತೆಗೆದು ಹೊಸದನ್ನು ಹಾಕಿ, ಹಳೆಯದನ್ನು ಹೆಸರು ಬರೆದ ಪೊಟ್ಟಣದಲ್ಲಿ ಇಟ್ಟುಕೊಂಡರೆ ಯಾವಾಗ ಬೇಕಾದರೂ ಮೊದಲಿನಂತೆ ಮಾಡಬಹುದು.

ಪ್ಲಾಸ್ಟಿಕ್, ಗರಿ, ರಬ್ಬರ್

ಗಟ್ಟಿ ಪ್ಲಾಸ್ಟಿಕ್‌ಗೆ ತಣ್ಣೀರು, ಒಂದು ಹನಿ ಸೋಪು ಸಾಕು. ಬಿಸಿನೀರು, ಸ್ಪಿರಿಟ್ ಬೇಡ. ಸೆಲ್ಯುಲಾಯ್ಡ್‌ನಂಥ ಹಳೆಯ ಪ್ಲಾಸ್ಟಿಕ್ ತಾನಾಗಿಯೇ ಕೊಳೆಯುತ್ತದೆ. ಡಬ್ಬಿ ತೆರೆದಾಗ ಕರ್ಪೂರದ ಅಥವಾ ಹುಳಿಯ ವಾಸನೆ ಹೊಡೆದು, ಲೂರ್ ಅಂಟಂಟಾಗಿ ಬೆವರಿದಂತಿದ್ದರೆ ಅದನ್ನು ಕೂಡಲೇ ಬೇರೆ ಇಡಬೇಕು, ಅದರಿಂದೇಳುವ ಆಮ್ಲದ ಆವಿ ನೆರೆಯ ಹಿತ್ತಾಳೆಯನ್ನೂ ತಿನ್ನುತ್ತದೆ. ಸೆಲ್ಯುಲಾಯ್ಡ್ ಬೆಂಕಿಗೆ ಭಗ್ಗನೆ ಹತ್ತಿಕೊಳ್ಳುವುದರಿಂದ ಬಿಸಿ ಸೂಜಿ ಚುಚ್ಚಿ ಪರೀಕ್ಷಿಸುವ ಚಾಳಿ ಅಪಾಯಕರ. ರಬ್ಬರಿನಂತೆ ಬಳುಕುವ ಮೆದು ಪ್ಲಾಸ್ಟಿಕ್ ಹುಳುಗಳು ಬಣ್ಣಕ್ಕೋ ಗಟ್ಟಿ ಪ್ಲಾಸ್ಟಿಕ್‌ಗೋ ತಗುಲಿಕೊಂಡಿದ್ದರೆ ಅವುಗಳೊಳಗಿನ ಮೆದುಕಾರಕ ಹೊರಬಂದು ಎರಡನ್ನೂ ಕರಗಿಸುತ್ತದೆ. ಅವಕ್ಕೆ ಪ್ರತ್ಯೇಕ ಡಬ್ಬಿ.

ಗರಿ, ಜಿಂಕೆಯ ಬಾಲದ ಕೂದಲು ಇರುವ ಲೂರ್‌ಗಳಲ್ಲಿ ನುಸಿ, ಹುಳುವಿನ ಹಿಕ್ಕೆ ಕಂಡರೆ ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ ಎರಡು ವಾರ ಫ್ರೀಜರಿನಲ್ಲಿಟ್ಟು, ಹೊರತೆಗೆದ ಮೇಲೆ ಚೀಲವನ್ನು ಒಂದು ದಿನ ತೆರೆಯದೆ ಬಿಡಬೇಕು, ಇಲ್ಲವಾದರೆ ಇಬ್ಬನಿ ಕಟ್ಟುತ್ತದೆ. ನುಸಿಗುಳಿಗೆ ಬೇಡವೇ ಬೇಡ. ನ್ಯಾಫ್ತಲೀನ್ ಆವಿ ಪ್ಲಾಸ್ಟಿಕ್ಕನ್ನೂ ಕೆಲವು ಬಣ್ಣಗಳನ್ನೂ ಮೆತ್ತಗಾಗಿಸುತ್ತದೆ.

ಇಡುವ ಬಗೆ

ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಒಳಗೂ ಬೂಷ್ಟು ಬರುತ್ತದೆ. ಇಷ್ಟೆಲ್ಲ ಶುಚಿಮಾಡಿದ ಲೂರ್ ಒಂದೇ ಮಳೆಗಾಲದಲ್ಲಿ ಮೊದಲಿನ ಸ್ಥಿತಿಗೆ ಮರಳದಿರಬೇಕಾದರೆ ಮುಚ್ಚಳ ಬಿಗಿಯಾದ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಪ್ರತಿ ಲೂರ್‌ಗೂ ಬೇರೆ ಖಾನೆ, ಜೊತೆಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣ ಬೇಕು. ಜೆಲ್ ಕಿತ್ತಳೆಯಿಂದ ಹಸಿರಿಗೆ ತಿರುಗಿದಾಗ ಅದನ್ನು ಒವನ್‌ನಲ್ಲಿ ಸುಮಾರು 110 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮರದ ಲೂರ್‌ಗಳಿರುವ ಡಬ್ಬಿಯಲ್ಲಿ ಜೆಲ್ ಅತಿಯಾಗಬಾರದು. ತೇವ ತೀರಾ ಇಳಿದರೆ ಮರ ಕುಗ್ಗಿ ಬಣ್ಣ ಬಿರಿಯುತ್ತದೆ. ಸಣ್ಣ ಹೈಗ್ರೋಮೀಟರ್ ಒಂದನ್ನು ಒಳಗಿಟ್ಟು ತೇವಾಂಶವನ್ನು ಶೇ 45ರಿಂದ 55ರ ನಡುವೆ ನಿಲ್ಲಿಸಿದರೆ ಲೋಹಕ್ಕೂ ಮರಕ್ಕೂ ಹೊಂದುತ್ತದೆ.

ಸುತ್ತಲು ದಿನಪತ್ರಿಕೆಯ ಕಾಗದ ಬೇಡ, ಅದರಲ್ಲಿ ಆಮ್ಲವಿದೆ. ರಬ್ಬರ್ ಬ್ಯಾಂಡಿನಲ್ಲಿರುವ ಗಂಧಕ ಬೆಳ್ಳಿಯನ್ನೂ ತಾಮ್ರವನ್ನೂ ಕಪ್ಪಾಗಿಸುತ್ತದೆ. ಬಣ್ಣ ಹಾಕದೆ ಒಗೆದ ಬಿಳಿಯ ಹತ್ತಿಬಟ್ಟೆ ಸಾಕು. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕುವವರು ಬಿಸಿಲು ಬೀಳದ ಗೋಡೆಯನ್ನೇ ಆರಿಸಬೇಕು, ಗಾಜಿಗೂ ಲೂರ್‌ಗೂ ನಡುವೆ ಬೆರಳಿನಷ್ಟು ಅಂತರ ಬಿಡಬೇಕು. ಮಳೆಗಾಲ ಮುಗಿದು ದಸರಾ ಹೊತ್ತಿಗೆ ಡಬ್ಬಿ ತೆರೆದು, ಮೊದಲು ತೆಗೆದಿಟ್ಟ ಫೋಟೋಗಳ ಪಕ್ಕದಲ್ಲಿ ಪ್ರತಿ ಲೂರನ್ನೂ ಹಿಡಿದು ನೋಡಿದರೆ ಹೊಸ ಹಸಿರು, ಹೊಸ ಬಿರುಕು, ಹೊಸ ಅಂಟು ಏನಿದ್ದರೂ ಆಗಲೇ ಕಣ್ಣಿಗೆ ಬೀಳುತ್ತದೆ.